ಬಿಳಿ ಕೋಟಿನವನನ್ನು ಮನೆಯಿಂದ ಹೊರಗೆ ಹಾಕಿದ್ದು

ನಮ್ಮ ಮನೆಯಲ್ಲಿ ಕೇಬಲ್ ಇಲ್ಲ ಎಂದರೆ ಜನ ಮೊದಲು ಕೇಳುವುದು, ಮಗಳ ಓದಿಗಾಗಿ ತೆಗೆಸಿದಿರಾ ಎಂದು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳಾದ್ದರಿಂದ ಹಾಗೆ ಅಂದುಕೊಳ್ಳುವುದು ಸುಲಭ. ಅಲ್ಲ, ಜಾಹೀರಾತು ಸಹಿಸಲಾಗುವುದಿಲ್ಲ, ಅದಕ್ಕೆ ಎನ್ನುತ್ತೇನೆ. ಆಗ ನಗುತ್ತಾರೆ. ಜಾಹೀರಾತು ಬಂದಾಗ ಎದ್ದುಹೋಗಿ ಒಲೆ ನೋಡಿಕೊಂಡು ಬಂದರಾಯಿತಪ್ಪ, ಅದಕ್ಕೆ ಯಾರಾದರೂ ಟೀವಿಯನ್ನೇ ತೆಗೆಸುತ್ತಾರೆಯೇ ಎನ್ನುತ್ತಾರೆ. ನಾನೂ ಹದಿನೈದು ವರ್ಷ ಹಾಗೇ ಎದ್ದುಹೋಗಿ ಒಲೆ ನೋಡಿಕೊಂಡು ಬಂದವಳು. ನಾನು ಒಲೆಯ ಮುಂದೆ ನಿಂತಿದ್ದಾಗ ಅದು ನಮ್ಮ ಮಾವನವರ ಬಲಗಾಲಿನ ಎರಡು ಬೆರಳು ತಿಂದುಕೊಂಡು ಹೋಯಿತು.

ನಮ್ಮದು ಹಳೇಬೀಡಿನಲ್ಲಿ, ಬಸದಿಗಳ ಕಡೆಗೆ ಹೋಗುವ ರಸ್ತೆಯಲ್ಲಿರುವ ಮನೆ. ಇರುವುದು ನಾಲ್ಕೇ ಜನ: ನಾನು, ನನ್ನವರು, ಮಗಳು, ಮಾವನವರು. ನನ್ನವರು ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಬಸ್ಸಿಗೆ ಮಾದಿಹಳ್ಳಿಯ ಶಾಲೆಗೆ ಹೋದರೆ ನಾನು ಮನೆ ಸೇರುವುದು ಸಂಜೆ ಐದಕ್ಕೆ. ಮಾವನವರು ಪ್ರೈಮರಿ ಮೇಷ್ಟರಾಗಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಮಾತ್ರೆ ನುಂಗುವುದರಲ್ಲಿ ಗಡಿಯಾರದಷ್ಟೇ ಕರಾರುವಾಕ್ಕು. ನಾವು ಜೈನರು, ಮನೆಯಲ್ಲಿ ಎಲ್ಲರೂ ಎಲ್ಲ ನೇಮವನ್ನೂ ಪಾಲಿಸುತ್ತೇವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾವನವರು ಮಾತ್ರ ಪಾಲಿಸುತ್ತಿದ್ದರು. ಗೆಡ್ಡೆ ಗೆಣಸು ಇಲ್ಲ, ಜೇನು ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆಯಲ್ಲಿ ಸಂಜೆ ಬಹಳ ಉದ್ದ. ಆ ಉದ್ದವನ್ನು ತುಂಬುತ್ತಿದ್ದುದು ಟೀವಿ. ನಾನು ಉತ್ತರಪತ್ರಿಕೆ ತಿದ್ದುತ್ತಾ, ಮಾವನವರು ಗೋಡೆಗೆ ಒರಗಿ, ಮಗಳು ನೆಲದ ಮೇಲೆ ಬೋರಲು ಮಲಗಿ ನೋಡುತ್ತಿದ್ದೆವು. ಒಂದು ದಿನ ಆರು ವರ್ಷದ ಮಗಳು ಸೊಳ್ಳೆ ಬತ್ತಿಯ ಜಾಹೀರಾತನ್ನು ಪೂರ್ತಿ ಬಾಯಿಪಾಠ ಒಪ್ಪಿಸಿದಳು. ಒಂದೂ ಬಿಡಬೇಡ, ಎಲ್ಲವನ್ನೂ ಕೊಲ್ಲು ಎನ್ನುವ ಸಾಲಿಗೆ ಕೈಯಲ್ಲಿ ಅಭಿನಯವೂ ಇತ್ತು. ಮಾವನವರು ನನ್ನ ಮುಖ ನೋಡಿದರು. ನಾನು ನಕ್ಕುಬಿಟ್ಟೆ. ಇವತ್ತು ಆ ನಗು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಜಾಹೀರಾತಿನ ಸುಳ್ಳು ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ತವರು ಅರಸೀಕೆರೆ. ರೈಲ್ವೆ ಸ್ಟೇಷನ್ನಿನ ಹತ್ತಿರ ಅಪ್ಪನಿಗೆ ಕೊಬ್ಬರಿ ಮಂಡಿಯಿತ್ತು. ಹತ್ತೊಂಬತ್ತು ವರ್ಷದವಳಿದ್ದಾಗ ನಾನು ಎರಡು ವರ್ಷ ಬಿಡದೆ ಮುಖಕ್ಕೆ ಬೆಳ್ಳಗಾಗುವ ಕ್ರೀಮು ಬಳಿದುಕೊಂಡೆ. ಟೀವಿಯ ಕಪ್ಪು ಹುಡುಗಿಗೆ ಕೆಲಸ ಸಿಗುತ್ತಿರಲಿಲ್ಲ, ಬಳಿದುಕೊಂಡ ಮೇಲೆ ಸಿಗುತ್ತಿತ್ತು. ನನಗೆ ಸಿಕ್ಕಿದ್ದು ಕೆನ್ನೆಯ ಮೇಲೆ ಉರಿ ಮತ್ತು ಸಿಪ್ಪೆ ಏಳುವ ಚರ್ಮ. ನನ್ನ ಬಣ್ಣ ಹಾಗೇ ಇದೆ, ಕೆಲಸ ಓದಿದ್ದರಿಂದ ಬಂತು. ಅದೇ ಬಣ್ಣದ ನನ್ನ ಮಗಳು ಎಂಟನೇ ವಯಸ್ಸಿನಲ್ಲಿ ಟೀವಿಯತ್ತ ಬೆರಳು ಮಾಡಿ, ಒಂದು ತಿಂಗಳು ಹಚ್ಚಿಕೊಂಡರೆ ನಾನೂ ಹೀಗೆ ಆಗುತ್ತೀನಾ ಎಂದು ಕೇಳಿದಳು. ಆಗಲೂ ನಾನು ಚಾನೆಲ್ ಬದಲಿಸಿದೆನೇ ಹೊರತು ಟೀವಿ ಆರಿಸಲಿಲ್ಲ.

ಬಿಳಿ ಕೋಟಿನವನು ಬರುತ್ತಿದ್ದುದು ಬೆಳಿಗ್ಗೆ ಹತ್ತು ಗಂಟೆಗೆ. ಆ ಹೊತ್ತಿನಲ್ಲಿ ನಾನು ತರಗತಿಯಲ್ಲಿರುತ್ತಿದ್ದೆ, ಆದ್ದರಿಂದ ಅವನನ್ನು ಎಂದೂ ನೋಡಿರಲಿಲ್ಲ. ಅದು ಅರ್ಧ ನಿಮಿಷದ ಜಾಹೀರಾತಲ್ಲ, ಅರ್ಧ ಗಂಟೆಯ ಕಾರ್ಯಕ್ರಮ. ಎದುರಿಗೆ ಸೀರೆಯುಟ್ಟ ಹೆಣ್ಣುಮಗಳು ಪ್ರಶ್ನೆ ಕೇಳುತ್ತಾಳೆ, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡವನು ಉತ್ತರ ಹೇಳುತ್ತಾನೆ, ಕೆಳಗೆ ಫೋನ್ ನಂಬರು ಓಡುತ್ತಿರುತ್ತದೆ. ಸಕ್ಕರೆ ಕಾಯಿಲೆಗೆ ಒಂದು ಪುಡಿ. ದಿನಕ್ಕೆರಡು ಚಮಚ. ಮೂರು ತಿಂಗಳಲ್ಲಿ ಕಾಯಿಲೆ ಬೇರುಸಹಿತ ಹೋಗುತ್ತದೆ, ಇಂಗ್ಲಿಷ್ ಮಾತ್ರೆಗಳನ್ನು ಇವತ್ತೇ ನಿಲ್ಲಿಸಿ, ಅವೇ ನಿಮ್ಮ ಮೂತ್ರಪಿಂಡ ಕೆಡಿಸುತ್ತಿರುವುದು ಎಂದು ಅವನು ಹೇಳುತ್ತಿದ್ದ. ಮಾವನವರು ದಿನವೂ ಕೇಳಿದರು. ಕೊನೆಗೊಂದು ದಿನ ಆ ನಂಬರಿಗೆ ಫೋನ್ ಮಾಡಿ, ಇದರಲ್ಲಿ ಗೆಡ್ಡೆ ಇದೆಯೇ, ಜೇನು ಇದೆಯೇ ಎಂದು ವಿಚಾರಿಸಿದರು. ಆ ಕಡೆಯ ಹುಡುಗಿ, ಏನೂ ಇಲ್ಲ ಸರ್, ನೂರಕ್ಕೆ ನೂರು ಶುದ್ಧ ಎಂದಳು. ಡಬ್ಬಿಗಳು ಬಂದವು. ಅವನ್ನು ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟು, ಮಾತ್ರೆಗಳನ್ನು ದಿನಕ್ಕಿಷ್ಟರಂತೆ ಹಿತ್ತಲಿನ ಚರಂಡಿಗೆ ಹಾಕಿದರು. ಮೂರು ತಿಂಗಳಾದ ಮೇಲೆ ಗುಣವಾದ ಸುದ್ದಿ ಹೇಳಿ ನಮ್ಮನ್ನೆಲ್ಲ ಬೆರಗುಗೊಳಿಸಬೇಕೆಂದಿದ್ದರಂತೆ. ಇದೆಲ್ಲ ಆಮೇಲೆ ತಿಳಿದದ್ದು.

ಮಹಾವೀರ ಜಯಂತಿಯ ದಿನ ಮಧ್ಯಾಹ್ನ ಬಸದಿಯ ಅಂಗಳದಲ್ಲಿ ಬರಿಗಾಲಿನಲ್ಲಿ ಬಹಳ ಹೊತ್ತು ನಿಂತಿದ್ದರು. ಚೈತ್ರದ ಬಿಸಿಲಿಗೆ ಆ ಕಲ್ಲು ಕಾವಲಿಯಂತೆ ಕಾಯುತ್ತದೆ. ಮಕ್ಕಳೆಲ್ಲ ಹಾರುಹೆಜ್ಜೆ ಹಾಕಿ ನೆರಳಿಗೆ ಓಡುತ್ತಿದ್ದರು. ಇವರು ಮಾತ್ರ ಆರಾಮವಾಗಿ ನಿಂತಿದ್ದನ್ನು ನೋಡಿ, ಅಬ್ಬಾ ಎಂಥ ಭಕ್ತಿ ಎಂದುಕೊಂಡೆ. ಭಕ್ತಿಯಲ್ಲ, ಅಂಗಾಲಿಗೆ ಸ್ಪರ್ಶವೇ ಇರಲಿಲ್ಲ. ಬೊಬ್ಬೆ ಎದ್ದದ್ದು ಅವರಿಗೆ ತಿಳಿಯಲಿಲ್ಲ. ಒಡೆದದ್ದೂ ತಿಳಿಯಲಿಲ್ಲ. ಹತ್ತು ದಿನ ಬಿಟ್ಟು ನಾನು ಅವರ ಹಾಸಿಗೆಯ ಬಟ್ಟೆ ಒಗೆಯಲು ತೆಗೆದಾಗ ಕಾಲ ಬಳಿ ಹಳದಿ ಕಲೆಯಿತ್ತು, ವಾಸನೆಯಿತ್ತು. ಕಾಲು ತೋರಿಸಿ ಎಂದರೆ ಪಂಚೆಯೊಳಗೆ ಎಳೆದುಕೊಂಡರು. ನನ್ನವರು ಬಂದು ಬಲವಂತವಾಗಿ ನೋಡಿದರೆ ಕಿರುಬೆರಳು ಮತ್ತು ಅದರ ಪಕ್ಕದ್ದು ಕಪ್ಪಾಗಿ ಹೋಗಿದ್ದವು.

ಹಾಸನದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು, ಮಾತ್ರೆ ಯಾವಾಗಿನಿಂದ ಬಿಟ್ಟಿದ್ದೀರಿ ಎಂದು ನೇರವಾಗಿ ಕೇಳಿದರು. ನಾನು, ಇಲ್ಲ ಡಾಕ್ಟರೇ, ಒಂದು ದಿನವೂ ತಪ್ಪಿಸಿಲ್ಲ ಎಂದು ಶುರುಮಾಡಿದೆ. ಮಾವನವರು ಗೋಡೆ ನೋಡುತ್ತಾ ಹೇಳಿದರು:

"ಮೂರು ತಿಂಗಳಾಯ್ತು. ಟೀವೀಲಿ ಡಾಕ್ಟರು ಬಿಡಿ ಅಂದ್ರು."

ಆ ಡಾಕ್ಟರು ಬೈಯಲಿಲ್ಲ. ಈ ತಿಂಗಳು ನೀವು ಎಷ್ಟನೆಯವರೋ ಎನ್ನುವಂತೆ ತಲೆ ಅಲ್ಲಾಡಿಸಿ ಕಾಗದದ ಮೇಲೆ ಬರೆಯತೊಡಗಿದರು. ಮರುದಿನ ಬೆರಳುಗಳನ್ನು ತೆಗೆದರು.

ಅವರನ್ನು ನೋಡಿಕೊಳ್ಳಲು ನಾನು ರಜೆ ಹಾಕಿದ್ದೆ. ನನ್ನವರು ಮನೆಯಿಂದ ಬಟ್ಟೆ ತರುವಾಗ ಟ್ರಂಕಿನಲ್ಲಿದ್ದ ಒಂದು ಡಬ್ಬಿಯನ್ನೂ ತಂದಿದ್ದರು, ಡಾಕ್ಟರಿಗೆ ತೋರಿಸಲೆಂದು. ವಾರ್ಡಿನ ಕಿಟಕಿಯ ಬೆಳಕಿಗೆ ಹಿಡಿದು ನಾನು ಅದನ್ನು ಓದಿದೆ. ಎದುರಿಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಪ್ರಕೃತಿ, ಪರಂಪರೆ, ಋಷಿಮುನಿಗಳು. ಹಿಂದೆ, ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಇದು ಯಾವ ಕಾಯಿಲೆಯನ್ನೂ ಗುಣಪಡಿಸುವ ಔಷಧಿಯಲ್ಲ ಎಂಬ ಒಂದು ಸಾಲು. ಅದರ ಕೆಳಗೆ ಏನೇನು ಹಾಕಿದೆ ಎಂಬ ಪಟ್ಟಿ. ಪಟ್ಟಿಯಲ್ಲಿ ನಾಲ್ಕನೆಯದು ಒಣಗಿಸಿದ ಜೇನು.

ಸಕ್ಕರೆ ಕಾಯಿಲೆಯವರಿಗೆ ಜೇನು. ಎಪ್ಪತ್ತೆರಡು ವರ್ಷ ನಾಲಿಗೆಗೆ ಜೇನು ತಾಗಿಸಿಕೊಳ್ಳದ ಮನುಷ್ಯನಿಗೆ, ಕೇಳಿ ಕೇಳಿ ಖಾತರಿ ಮಾಡಿಕೊಂಡವನಿಗೆ, ಜೇನು. ನಾನು ಡಬ್ಬಿಯನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಇದನ್ನು ಅವರಿಗೆ ಎಂದೂ ಹೇಳಬಾರದು ಎಂದು ನನ್ನವರೂ ನಾನೂ ಮಾತಾಡಿಕೊಂಡೆವು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿಯ ಕನ್ನಡ ಸ್ಪಷ್ಟವಾಗಿತ್ತು. ಯಾವುದೋ ಶಾಲೆಯಲ್ಲಿ ನನ್ನಂಥವಳೊಬ್ಬಳು ಒತ್ತಕ್ಷರ ತಿದ್ದಿ ತಿದ್ದಿ ಕಲಿಸಿದ ಕನ್ನಡ. ನಾನು ಮಾವನವರ ಹೆಸರು ಹೇಳಿದ ಕೂಡಲೇ, ಅವರ ಮೊದಲ ಹಂತ ಮುಗಿದಿದೆ ಮೇಡಂ, ಎರಡನೇ ಹಂತದ ಡಬ್ಬಿ ಕಳಿಸಲಾ ಎಂದಳು. ಅವರ ಎರಡು ಬೆರಳು ಕತ್ತರಿಸಿದ್ದಾರೆ, ನಿಮ್ಮ ಡಾಕ್ಟರನ್ನು ಕರೆಯಿರಿ ಎಂದೆ. ಆಕೆ ದನಿ ತಗ್ಗಿಸಿ ಹೇಳಿದಳು:

"ಇಲ್ಲಿ ಡಾಕ್ಟರ್ ಯಾರೂ ಇಲ್ಲ ಮೇಡಂ. ನಮಗೆ ಬರೆದು ಕೊಟ್ಟಿರೋದನ್ನ ನಾವು ಓದ್ತೀವಿ, ಅಷ್ಟೆ."

ಫೋನ್ ಇಟ್ಟಳು. ಮರುದಿನದಿಂದ ಮಾವನವರ ಫೋನಿಗೆ ಬೇರೆ ಬೇರೆ ನಂಬರಿನಿಂದ ಎರಡನೇ ಹಂತದ ಕರೆಗಳು ಬರತೊಡಗಿದವು. ನನ್ನವರು ಡಬ್ಬಿಯ ಮೇಲಿನ ವಿಳಾಸಕ್ಕೆ ರಿಜಿಸ್ಟರ್ಡ್ ಕಾಗದ ಹಾಕಿದರು. ಅಂಥ ವಿಳಾಸವಿಲ್ಲವೆಂದು ವಾಪಸು ಬಂತು. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣವೆಂದರೆ ಯಾರ ಮೇಲೆ ಹೋಗುವುದು? ಬಿಳಿ ಕೋಟಿನವನು ದಿನವೂ ನಮ್ಮ ಹಜಾರದಲ್ಲೇ ಅರ್ಧ ಗಂಟೆ ಕೂರುತ್ತಿದ್ದ, ಆದರೆ ಹಿಡಿಯಲು ಹೋದರೆ ಅವನಿಗೆ ಊರಿಲ್ಲ, ಬಾಗಿಲಿಲ್ಲ.

ಮಾವನವರನ್ನು ಮನೆಗೆ ಕರೆತಂದ ಸಂಜೆಯೇ ನಾನು ಕೇಬಲ್ಲಿನವರಿಗೆ ಹೇಳಿಕಳುಹಿಸಿದೆ. ಮೂವತ್ತೈದರ ಆಸುಪಾಸಿನ ಆತ ನನ್ನ ಹಳೆಯ ವಿದ್ಯಾರ್ಥಿ. ನನ್ನ ಮುಂದೆ ಈಗಲೂ ಕೂರುವುದಿಲ್ಲ. ಆ ಹತ್ತು ಗಂಟೆಯ ಕಾರ್ಯಕ್ರಮ ನಿಲ್ಲಿಸಲು ಆಗುತ್ತದೆಯೇ ಎಂದು ಮೊದಲು ಕೇಳಿದೆ. ಅದು ಮೇಲಿನಿಂದ ಬರುವುದು, ತನ್ನ ಕೈಯಲ್ಲಿಲ್ಲ ಎಂದ. ಹಾಗಾದರೆ ಜಾಹೀರಾತು ಇಲ್ಲದ ಚಾನೆಲುಗಳನ್ನಷ್ಟೇ ಕೊಡು ಎಂದೆ.

"ಜಾಹೀರಾತಿಲ್ದೆ ಇರೋ ಟೀವಿ ಎಲ್ಲೈತೆ ಮೇಡಂ? ಅದಕ್ಕೇ ಅಲ್ವಾ ಟೀವಿ ಇರೋದು. ಮಧ್ಯ ಮಧ್ಯ ಸೀರಿಯಲ್ಲು."

ತಮಾಷೆಗೆ ಹೇಳಲಿಲ್ಲ, ವ್ಯಾಪಾರ ಬಲ್ಲವನು ಇದ್ದದ್ದನ್ನು ಹೇಳಿದ. ಹಾಗಾದರೆ ಕಿತ್ತುಕೊಂಡು ಹೋಗು ಎಂದೆ. ಕಂಬದಿಂದ ನಮ್ಮ ಮಾಡಿಗೆ ಬಂದಿದ್ದ ಕಪ್ಪು ತಂತಿಯನ್ನು ಆತ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದ. ಮಗಳು ಬಾಗಿಲಲ್ಲಿ ನಿಂತು ಅತ್ತಳು. ನನ್ನವರು, ಒಂದು ಮಾತು ಅಪ್ಪನನ್ನು ಕೇಳಬಹುದಿತ್ತು ಎಂದರು. ಕೇಳುವ ಸ್ಥಿತಿಯಲ್ಲಿ ನಾನು ಇರಲಿಲ್ಲ. ಬಹಳ ವರ್ಷಗಳಲ್ಲಿ ಮೊದಲ ಸಲ ಏನೋ ಮಾಡಿದೆ ಎನ್ನುವ ಬಿಸಿ ಎದೆಯಲ್ಲಿತ್ತು.

ಮೂರನೆಯ ದಿನ ಬೆಳಿಗ್ಗೆ ನಾನು ಗಾಯಕ್ಕೆ ಪಟ್ಟಿ ಬದಲಿಸುತ್ತಿದ್ದಾಗ ಮಾವನವರು ಒಮ್ಮೆಲೇ ಕೆರಳಿದರು. ತಪ್ಪು ಮಾಡಿದವರು ತಾವು, ಶಿಕ್ಷೆಯನ್ನೂ ಅನುಭವಿಸಿಯಾಯಿತು, ಇನ್ನು ಹೊರಗೆ ಓಡಾಡುವಂತಿಲ್ಲ, ಹಗಲೆಲ್ಲ ಈ ನಾಲ್ಕು ಗೋಡೆ ನೋಡಿಕೊಂಡು ಬಿದ್ದಿರಬೇಕು, ಅದರಲ್ಲಿ ಇದೂ ಬೇರೆ ಎಂದು ದನಿ ಏರಿಸಿದರು.

"ಕಾಲು ಅವನು ತೆಗೆದ. ಕಣ್ಣು ನೀನು ತೆಗೀತಿದ್ದೀಯ. ನಾನೇನು ನಿನ್ನ ಕ್ಲಾಸಿನ ಹುಡುಗನೇನಮ್ಮ?"

ಅವರು ನನಗೆ ಎಂದೂ ಹಾಗೆ ಮಾತಾಡಿದವರಲ್ಲ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನನಗೆ ಬಂದದ್ದು ಸಿಟ್ಟು. ಅವನನ್ನು ಇನ್ನೂ ಮನೆಯೊಳಗೆ ಬಿಡಬೇಕೆನ್ನುತ್ತಾರಲ್ಲ, ಇಷ್ಟಾದ ಮೇಲೂ.

"ಆ ಪುಡಿಯಲ್ಲಿ ಜೇನಿತ್ತು ಮಾವ. ಡಬ್ಬಿಯ ಮೇಲೇ ಬರೆದಿದೆ. ಮೂರು ತಿಂಗಳು ನೀವು ಜೇನು ತಿಂದಿದ್ದೀರಿ."

ಬಾಯಿಂದ ಬಿದ್ದ ಮೇಲೆ ಅದನ್ನು ಹೆಕ್ಕಿಕೊಳ್ಳಲು ಆಗಲಿಲ್ಲ. ಅವರು ನನ್ನನ್ನು ನೋಡಲಿಲ್ಲ. ಡಬ್ಬಿ ತಾ ಎಂದರು, ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಆ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಬೆರಳು ಹೋದ ದಿನ ಅಳದವರ ಕೆನ್ನೆಯ ಮೇಲೆ ನೀರಿಳಿಯಿತು. ಆ ದಿನ ಉಪವಾಸ ಎಂದರು. ಮತ್ತೆ ಮಾತ್ರೆ ಶುರುವಾಗಿದೆ, ಹೊಟ್ಟೆ ಖಾಲಿ ಇಟ್ಟರೆ ಸಕ್ಕರೆ ಇಳಿದು ಜೀವಕ್ಕೇ ಸಂಚಕಾರ ಎಂದು ನನ್ನವರು ಕೈ ಮುಗಿದು ಕೇಳಿದ ಮೇಲೆ, ಸಂಜೆ ಐದಕ್ಕೆ ಒಂದು ಲೋಟ ಗಂಜಿ ಕುಡಿದರು. ಬಿಳಿ ಕೋಟಿನವನು ಅವರಿಗೆ ಮಾಡಿದ್ದಕ್ಕಿಂತ ನಾನು ಆ ಬೆಳಿಗ್ಗೆ ಮಾಡಿದ್ದು ಕಮ್ಮಿಯದೇನಲ್ಲ. ಕ್ಷಮೆ ಕೇಳಿದೆ. ನಿಜವನ್ನೇ ಹೇಳಿದ್ದೀಯ, ಬಿಡು ಎಂದರು. ಆ 'ಬಿಡು' ನನ್ನನ್ನು ಇನ್ನೂ ಬಿಟ್ಟಿಲ್ಲ.

ಭಾನುವಾರ ಬೆಳಿಗ್ಗೆ ಅವರೇ ಆಟೋ ಕರೆಸಲು ಹೇಳಿದರು. ಹುಲಿಕೆರೆಗೆ ಹೋಗಬೇಕು, ನೀನೂ ಬಾ ಎಂದರು. ಅಲ್ಲಿ ಹಳೆಯ ಕಲ್ಯಾಣಿಯ ಹತ್ತಿರ ಅವರ ಬಾಲ್ಯದ ಗೆಳೆಯರೊಬ್ಬರಿದ್ದಾರೆ. ಒಂದೇ ಹಲಗೆಯ ಮೇಲೆ ಕುಳಿತು ಓದಿದವರು, ಈಗ ತೋಟ, ಎರಡು ಹಸು. ಅವರಿಗೂ ಸಕ್ಕರೆ. ದಾರಿಯಲ್ಲಿ ಮಾವನವರು ಹೇಳಿದ ಮೇಲೇ ನನಗೆ ಗೊತ್ತಾದದ್ದು: ಆ ಪುಡಿಯನ್ನು ಗೆಳೆಯನಿಗೆ ಹೇಳಿ ತರಿಸಿಕೊಟ್ಟವರೂ ಇವರೇ.

ನಾವು ಹೋದಾಗ ಹತ್ತು ಗಂಟೆ ದಾಟಿತ್ತು. ಗೆಳೆಯರು ಟೀವಿಯ ಮುಂದೆ ಕೂತಿದ್ದರು. ಬಿಳಿ ಕೋಟಿನವನನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿಯೇ. ನರೆತ ಕೂದಲು, ಮೃದುವಾದ ದನಿ, ಒಂದೇ ಒಂದು ತಪ್ಪಿಲ್ಲದ ಕನ್ನಡ. ಯಾರಿಗಾದರೂ ನಂಬಿಕೆ ಬರುವಂಥ ಮುಖ.

ಮಾವನವರು ಕುಶಲ ವಿಚಾರಿಸದೆ, ಆ ಪುಡಿ ನಿಲ್ಲಿಸು, ಮಾತ್ರೆ ತಗೋ ಎಂದು ನೇರ ವಿಷಯಕ್ಕೆ ಬಂದರು. ಗೆಳೆಯರು ನಕ್ಕರು.

"ಏನ್ಲಾ ಮೇಷ್ಟ್ರೆ, ನೀನೇ ಅಲ್ವಾ ತರಿಸ್ಕೊಟ್ಟಿದ್ದು? ನಂಗೆ ಚೆಂದಾಗೈತೆ. ಮೈಯೆಲ್ಲ ಹಗುರಾಗೈತೆ ನೋಡು."

ನಿಜಕ್ಕೂ ಅವರು ಇಳಿದುಹೋಗಿದ್ದರು. ಅಂಗಿಯ ಕಾಲರು ಕೊರಳಿನ ಸುತ್ತ ಬಾವಿಯ ಕಟ್ಟೆಯಂತೆ ನಿಂತಿತ್ತು. ಸಕ್ಕರೆ ಏರಿದರೆ ಮೈ ಹಾಗೆ ಕರಗುತ್ತದೆ, ಆಸ್ಪತ್ರೆಯಲ್ಲಿ ಹೇಳಿದರು ಎಂದು ನಾನು ವಿವರಿಸಿದೆ. ಅವರು ನನ್ನತ್ತ ತಿರುಗಲೂ ಇಲ್ಲ. ಮೇಷ್ಟರ ಗ್ರಹಚಾರ ಮೇಷ್ಟರಿಗೆ, ಎಲ್ಲರ ಮೈಗೂ ಒಂದೇ ಔಷಧಿ ಹಿಡಿಯುತ್ತದೆಯೇ ಎಂದರು. ಆಗ ಮಾವನವರು ಜಗಲಿಯ ಮೇಲೆ ಕುಳಿತು, ಕಾಲನ್ನು ಗೆಳೆಯನ ಮುಂದೆ ಚಾಚಿ, ಪಟ್ಟಿಯನ್ನು ತಾವೇ ಬಿಚ್ಚಿದರು. ನಾನು ತಡೆಯಲು ಹೋದೆ, ಕೈ ಸರಿಸಿದರು. ಕೊನೆಯ ಸುತ್ತು ಹತ್ತಿಯ ಸಮೇತ ಬಂತು.

"ನೋಡು ಕಣೋ. ಸರಿಯಾಗಿ ನೋಡು. ನಾನು ಹೇಳ್ದೆ ಅಂತ ನೀನು ನಂಬ್ದೆ. ಅವನು ಹೇಳ್ದ ಅಂತ ನಾನು ನಂಬ್ದೆ."

ಗೆಳೆಯರ ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟರಲ್ಲಿ ಮಜ್ಜಿಗೆ ತಂದ ಅವರ ಸೊಸೆ, ಕಾಲನ್ನೂ ಟೀವಿಯನ್ನೂ ನೋಡಿ, ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದಳು:

"ಅವ್ರು ಡಾಕ್ಟ್ರಲ್ಲ ಕಣ್ ಮಾವ. ಸಂಜೆ ಸೀರಿಯಲ್ನಾಗೆ ಬತ್ತಾರಲ್ಲ, ಸೊಸೆ ಮ್ಯಾಲೆ ರೇಗಾಡೋ ಮಾವ, ಅವ್ರೇಯ."

ಆ ಸೀರಿಯಲ್ಲನ್ನು ನಮ್ಮ ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಗೊತ್ತಿದ್ದರೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಗೆಳೆಯರು ಗದರಿದರು. ನನ್ನನ್ನು ಯಾರು ಕೇಳಿದರು ಎಂದಳು ಆಕೆ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ. ನಾನೂ ಒಬ್ಬ ಸೊಸೆ. ನನ್ನ ಮನೆಯಲ್ಲಿ ಕೇಳುವವರಿದ್ದರು, ಹೇಳಲು ನಾನು ಇರಲಿಲ್ಲ.

ನಾನು ಪಟ್ಟಿ ಮತ್ತೆ ಸುತ್ತಿದ ಮೇಲೆ ಮಾವನವರು ಕುಂಟುತ್ತಾ ಟೀವಿಯ ಹತ್ತಿರ ಹೋಗಿ ಆ ಮುಖವನ್ನು ಬಹಳ ಹೊತ್ತು ನೋಡಿದರು. ವಾಪಸು ಬರುವಾಗ ಆಟೋದಲ್ಲಿ ಒಂದೇ ಮಾತು ಆಡಿದರು: ಎಷ್ಟು ಶುದ್ಧವಾಗಿ ಮಾತಾಡುತ್ತಾನೆ, ಅದಕ್ಕೇ ನಂಬಿಬಿಟ್ಟೆ. ಆ ಮಾತು ನನಗೆ ಚುಚ್ಚಿದಷ್ಟು ಬೇರೇನೂ ಚುಚ್ಚಲಿಲ್ಲ. ಅವರೂ ನಾನೂ ಸೇರಿ ಅರವತ್ತು ವರ್ಷ ಮಕ್ಕಳಿಗೆ ಕಲಿಸಿದ್ದು ಇದನ್ನೇ, ಶುದ್ಧವಾಗಿ ಮಾತಾಡಿ ಎಂದು. ಆ ಫೋನಿನ ಹುಡುಗಿ ಕಲಿತಳು, ಈ ನಟ ಕಲಿತ, ಆ ಮಾತುಗಳನ್ನು ಬರೆದುಕೊಟ್ಟವನೂ ಯಾವುದೋ ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡಿರಬೇಕು. ಚೆನ್ನಾಗಿ ಕಲಿತ ಭಾಷೆಯನ್ನು ಚಾಕುವಿನಂತೆ ಹಿಡಿದುಕೊಂಡು ಮುದುಕರ ಮನೆ ಹೊಕ್ಕರು.

ಹುಲಿಕೆರೆಯ ಗೆಳೆಯರನ್ನು ಆ ಸೊಸೆಯೇ ಬೇಲೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಡಾಕ್ಟರು ಅವತ್ತೇ ಅಡ್ಮಿಟ್ ಮಾಡಿಕೊಂಡರು. ಒಂದು ವಾರದಲ್ಲಿ ಸುಧಾರಿಸಿ ಮನೆಗೆ ಬಂದರು, ಕಾಲು ಉಳಿಯಿತು. ಅವರ ಮನೆಯಲ್ಲಿ ಕೇಬಲ್ ಈಗಲೂ ಇದೆ. ಬಿಳಿ ಕೋಟಿನವನ ಪುಡಿ ಹೋಗಿ ಅದೇ ಹೊತ್ತಿಗೆ ಮಂಡಿನೋವಿನ ಎಣ್ಣೆ ಬಂದಿದೆಯಂತೆ, ಬೇರೆ ಮುಖದ ಬೇರೆ ಕೋಟಿನವನು. ನನಗೆ ತಿಳಿದಂತೆ ಯಾರಿಗೂ ಏನೂ ಆಗಲಿಲ್ಲ. ಯಾರೂ ಬಂದು ನಮ್ಮನ್ನು ಏನೂ ಕೇಳಲಿಲ್ಲ.

ಇದಾಗಿ ನಾಲ್ಕು ವರ್ಷವಾಯಿತು. ಮಾವನವರು ಈಗ ವಿಶೇಷ ಚಪ್ಪಲಿ ಹಾಕಿಕೊಂಡು ಹೊಸಿಲಿನಿಂದ ಹೊಸಿಲಿಗೆ ಓಡಾಡುತ್ತಾರೆ, ಪೇಪರನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಾರೆ. ಕೇಬಲ್ಲಿನ ಮಾತು ಮತ್ತೆ ಎತ್ತಿಲ್ಲ. ಎತ್ತಿದವಳು ಮಗಳು. ಹದಿಮೂರು ತುಂಬಿದೆ. ಹೋದ ತಿಂಗಳು ಕ್ರಿಕೆಟ್ ನೋಡಲು ಪಕ್ಕದ ಮನೆಗೆ ಹೋಗಿದ್ದಾಗ ಯಾರೋ ಏನೋ ಅಂದಿದ್ದಾರೆ. ಮುಖ ಊದಿಸಿಕೊಂಡು ಬಂದಳು. ಫೋನಿನಲ್ಲೂ ಜಾಹೀರಾತು ಬರುತ್ತದೆ, ಬಸ್ಸಿನ ಬೆನ್ನ ಮೇಲೂ ಇದೆ, ಶಾಲೆಯ ಕಾಂಪೌಂಡಿನ ಮೇಲೂ ಬರೆದಿದ್ದಾರೆ, ಅದನ್ನೆಲ್ಲ ಬಿಟ್ಟು ನಮ್ಮ ಮನೆಯ ಟೀವಿ ಒಂದರ ಮೇಲೆ ಯಾಕೆ ನಿನ್ನ ಹಟ ಎಂದು ಕೇಳಿದಳು. ಅದನ್ನು ನಿಲ್ಲಿಸುವುದು ನನ್ನ ಕೈಲಾಗಲಿಲ್ಲ, ಇದು ಆಯಿತು ಎಂದೆ.

"ಕೋಪ ನಿಂದು ಅಮ್ಮ. ಟೀವಿ ನಂದೂ ಆಗಿತ್ತಲ್ವಾ? ನನ್ನ ಯಾಕೆ ಕೇಳ್ಲಿಲ್ಲ?"

ಎರಡು ದಿನ ಅವಳು ತಲೆಯನ್ನು ತಾನೇ ಬಾಚಿಕೊಂಡು ಶಾಲೆಗೆ ಹೋದಳು. ಮೂರನೆಯ ದಿನ ತಲೆ ಬಾಚಿಸಿಕೊಳ್ಳಲು ಬಂದು ಬೆನ್ನು ಕೊಟ್ಟು ಕುಳಿತಳು. ನಿನ್ನನ್ನು ಕೇಳಬೇಕಿತ್ತು, ಅದು ನನ್ನ ತಪ್ಪು ಎಂದು ಹೇಳಿ ಜಡೆ ಹೆಣೆದೆ. ಹಾಗಾದರೆ ಹಾಕಿಸುತ್ತೀಯಾ ಎಂದು ತಿರುಗಿದಳು.

ಇಲ್ಲ ಎಂದೆ.